ಸಂಕವಿಲ್ಲದ ಊರಿಗೆ ನಾನು ಕೊಟ್ಟ ಅಂಕ

ಜನರ ಬಾಳನ್ನು ಅಳೆಯಲು ಹೊರಟವರನ್ನು ಎಡವಟ್ಟುಗಳು ಹುಡುಕಿಕೊಂಡೇ ಬರುತ್ತವೆ. ಮೂರು ಖಂಡಗಳಲ್ಲಿ ಸಮೀಕ್ಷೆ ಮಾಡಿ ಮೂಡುಬಿದಿರೆಗೆ ಮರಳಿದ ನನಗೆ ಅವು ಪೊಳಲಿಯ ಹತ್ತಿರ ಕಾದು ಕುಳಿತಿದ್ದವು. ಅತಿ ಹಿಂದುಳಿದ ಮೂಲೆಗೆ ನಮ್ಮ ಸಂಸ್ಥೆಯಿಂದ ಒಂದು ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ. ಯಾವುದು ಹಿಂದುಳಿದದ್ದು ಎಂದು ಹೇಳಬೇಕಾದವಳು ನಾನು.

೧. ತೋಡು

ಏಪ್ರಿಲ್ ತಿಂಗಳು. ಪೊಳಲಿ ಹತ್ತಿರದ ಹತ್ತು ಮನೆಗಳ ಒಂದು ಮೂಲೆಯಲ್ಲಿ ಮೊದಲು ಎದುರಾದವರು ಬೀಡಿ ಕಟ್ಟುವ ಒಬ್ಬ ಅಕ್ಕ.

"ನೀವು ಕಲಿತದ್ದೇನು ಮೇಡಂ?"

"ಸಮಾಜಗಳ ಅಭಿವೃದ್ಧಿ. ಎಲ್ಲರೂ ಒಂದೇ ಮೆಟ್ಟಿಲು ಹತ್ತುತ್ತಾರೆ ಅಂತ ಕೆಲವರು ಹೇಳ್ತಾರೆ. ಮೇಲೆ ಹೋದವರು ಕೆಳಗಿನವರ ಹೆಗಲ ಮೇಲೆ ನಿಂತಿದ್ದಾರೆ ಅಂತ ಇನ್ನು ಕೆಲವರು."

"ಅದಿರಲಿ. ನಮಗೆ ಈ ತೋಡಿಗೊಂದು ಸಂಕ ಬೇಕು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ದಾಟ್ಲಿಕ್ಕಾಗದೆ ಕಟ್ಟಿದ ಬೀಡಿ ಮನೆಯಲ್ಲೇ ಬೂಸ್ಟು ಹಿಡೀತದೆ."

"ತೋಡು ಎಲ್ಲಿ ಉಂಟು?"

"ನೀವು ನಿಂತದ್ದು ಅದರಲ್ಲೇ."

೨. ಶರಬತ್ತು

ಹೋದ ಮನೆಯಲ್ಲೆಲ್ಲ ಪುನರ್ಪುಳಿ ಶರಬತ್ತು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಫ್ರಿಡ್ಜ್ ಉಂಟಾ ಎಂದು ಬಾಯಿಬಿಟ್ಟು ಕೇಳಲು ಸಂಕೋಚ. ಪ್ರಶ್ನೆಗಿಂತ ಅವಲೋಕನ ಮೇಲು ಎಂದು ಊರೂರಲ್ಲಿ ಪಾಠ ಮಾಡಿದವಳು ಬೇರೆ. ಹತ್ತೂ ಮನೆಗೆ ಫ್ರಿಡ್ಜ್ ಎಂದು ಗುರುತು ಹಾಕಿದೆ. ಎಲ್ಲ ಮನೆಯಲ್ಲೂ ಕೂರಲು ಕೊಟ್ಟ ಕೆಂಪು ಕುರ್ಚಿಗಳಿಗೂ ಹಾಕಿದೆ.

ಫ್ರಿಡ್ಜ್ ಇದ್ದದ್ದು ಒಂದೇ ಮನೆಯಲ್ಲಿ, ಕುರ್ಚಿಗಳೂ ಅಲ್ಲಿಯವೇ. ಒಬ್ಬರ ಮನೆಗೆ ಬಂದವರು ಅಲ್ಲಿ ಎಲ್ಲರಿಗೂ ನೆಂಟರು. ಹಿತ್ತಿಲ ದಾರಿಯಲ್ಲಿ ಶರಬತ್ತೂ ಕುರ್ಚಿಯೂ ನನಗಿಂತ ಮುಂದೆ ಓಡುತ್ತಿದ್ದವು ಎಂದು ತಿಳಿಯುವಾಗ ವರದಿ ಹೋಗಿಯಾಗಿತ್ತು. ಏಳನೆಯ ಮನೆಯಲ್ಲಿ ಕುರ್ಚಿ ಬೆಚ್ಚಗಿತ್ತು. ಬಿಸಿಲು ಜೋರುಂಟು ಎಂದುಕೊಂಡೆ.

೩. ಕಾಲಂ

ಆ ಮೂಲೆ 'ಮುಂದುವರಿದ' ಪಟ್ಟಿಗೆ ಏರಿತು. ಸಂಕ ಬೇರೆ ಊರಿನ ಪಾಲಾಯಿತು. ಬಂಟ್ವಾಳದ ನಮ್ಮ ಆಫೀಸಿನ ಮೇಲಧಿಕಾರಿಯ ಬಳಿಗೆ ಓಡಿದೆ.

"ಸರ್, ನನ್ನದೇ ತಪ್ಪು. ತಿದ್ದುವ."

"ತಪ್ಪು ಬರೀಲಿಕ್ಕೆ ಫಾರ್ಮಿನಲ್ಲಿ ಕಾಲಂ ಇಲ್ಲವಲ್ಲ ಮೇಡಂ. ಯಾರು ಮಾಡಿದ ಫಾರ್ಮು ಇದು?"

ನಾನೇ ಮಾಡಿದ್ದು.

೪. ಮರುಸಮೀಕ್ಷೆ

ಕೊನೆಗೂ ಇನ್ನೊಂದು ಸಂಕಕ್ಕಾಗಿ ಜುಲೈಯಲ್ಲಿ ಮರುಸಮೀಕ್ಷೆ ಎಂದಾಯಿತು. ನಾನು ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಮತ್ತೊಂದು ದೇಶದ ಅಭಿವೃದ್ಧಿ ಅಳೆಯಲು ವಿಮಾನ ಹತ್ತಿದೆ. ಅಲ್ಲಿಗೆ ಬೀಡಿ ಅಕ್ಕನ ಫೋನು ಬಂತು.

"ನಿಮ್ಮವರು ಬಂದಿದ್ದರು ಮೇಡಂ. ತೋಡು ತುಂಬಿತ್ತು, ದಾಟ್ಲಿಕ್ಕೆ ಆಗ್ಲಿಲ್ಲ. ಆಚೆಯೇ ನಿಂತು ಬರೆದುಕೊಂಡು ಹೋದರು."

"ಏನಂತ ಬರೆದರು?"

"ನೀರು ಇಳಿದ ಮೇಲೆ ಆಫೀಸಿಗೆ ಹೋಗಿ ಕೇಳಿದೆ. 'ಜನ ಯಾರೂ ಇಲ್ಲ' ಅಂತ ಬರೆದಿದ್ದಾರೆ. ನಾವು ಹತ್ತು ಮನೆಯವರೂ ಈಚೆ ನಿಂತು ಕೈ ಬೀಸ್ತಾ ಇದ್ದೆವು. ಅವರೂ ಬೀಸಿದರು!"

ಅಕ್ಕ ನಕ್ಕರು.

"ಏಪ್ರಿಲಿನಲ್ಲಿ ನಾವು ಶ್ರೀಮಂತರು, ಜುಲೈಯಲ್ಲಿ ನಾವೇ ಇಲ್ಲ. ನಾವು ಬಡವರಾಗಿರುವುದು ಯಾವ ತಿಂಗಳಲ್ಲಿ ಅಂತ ಒಮ್ಮೆ ಹೇಳಿಬಿಡಿ ಮಾರಾಯ್ರೆ. ಆ ತಿಂಗಳಿಡೀ ನಾವು ಎಲ್ಲಿಗೂ ಹೋಗುದಿಲ್ಲ."