ಮೊದಲು ಹಾಡಿದವರು

ವರ್ಲಿನ್ ಸ್ಕಾಗಿನ್ಸ್ ಆವತ್ತು ಬೆಳಿಗ್ಗೆ ಮೈಕಿನ ಮುಂದೆ ಒಂದು ಮಾತು ಹೆಚ್ಚಿಗೆ ಆಡಿದ. ಆಡದೇ ಇದ್ದಿದ್ದರೆ ಮಧ್ಯಾಹ್ನ ಕೇಕು ತಿಂದು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದ.

ಕೆಂಟಕಿಯ ಗುಡ್ಡಗಳ ನಡುವಿನ ಡಾಬ್ಸ್‌ವಿಲ್ ಊರಿನ ಭಕ್ತಿಗೀತೆಗಳ ರೇಡಿಯೋಗೆ ಐವತ್ತು ವರ್ಷ ತುಂಬಿದ ದಿನ ಅದು. ನಿಲಯದ ಇತಿಹಾಸ ಹೇಳುವ ಕೆಲಸ ಬೆಳಗಿನ ಉದ್ಘೋಷಕನಾದ ವರ್ಲಿನ್‌ಗೆ ಬಿತ್ತು. ಅವನಿಗೆ ಗೊತ್ತಿದ್ದ ಇತಿಹಾಸ ಇಷ್ಟೇ: ಕ್ಲೀಟಸ್ ಟ್ಯಾಕೆಟ್ ಎಂಬ ರೈತ ತನ್ನ ಕೋಳಿಮನೆಯಲ್ಲಿ ಇದನ್ನು ಶುರುಮಾಡಿದ. ಅಷ್ಟು ಹೇಳಿ ಮುಗಿಸಿದರೂ ಗಡಿಯಾರದ ಮುಳ್ಳು ಅಲ್ಲಾಡಿದಂತೆ ಕಾಣಲಿಲ್ಲ. ಉಳಿದ ಹೊತ್ತು ತುಂಬಿಸಲು, "ಮೊಟ್ಟಮೊದಲು ಹಾಡಿದ್ದು ಮೆಥಡಿಸ್ಟ್ ಚರ್ಚಿನ ಗಾಯಕರು," ಎಂದುಬಿಟ್ಟ. ಹೆಂಡತಿ ಆ ಚರ್ಚಿನವಳು. ಮನೆಯಲ್ಲಿ ಹಾಗೇ ಕೇಳಿದ್ದ.

ಫೋನು ಬಡಿದುಕೊಂಡಿತು. ಊರಿನ ಇನ್ನೊಂದು ಚರ್ಚಾದ ಬ್ಯಾಪ್ಟಿಸ್ಟರ ನಿವೃತ್ತ ಪಾದ್ರಿ ಹೋಬರ್ಟ್.

"ಏನಯ್ಯಾ, ನಿನ್ನನ್ನ ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ್ದು ನಾನೇ ಅಲ್ವಾ?"

"ಹೌದು ಪಾದ್ರಿಗಳೇ."

"ಇನ್ನೂ ಸ್ವಲ್ಪ ಹೊತ್ತು ಒಳಗೇ ಅದುಮಿ ಹಿಡೀಬೇಕಿತ್ತು. ಮೊದಲು ಹಾಡಿದ್ದು ನಾವು ಕಣಯ್ಯ."

ವರ್ಲಿನ್ ಮುಂದಿನ ಹಾಡಿಗೆ ಮೊದಲೇ, ಹಾಡಿದ್ದು ಬ್ಯಾಪ್ಟಿಸ್ಟರು ಎಂದು ತಪ್ಪು ತಿದ್ದಿದ. ಆ ಹಾಡು ಮುಗಿಯುವುದರೊಳಗೆ ಹೆಂಡತಿಯ ಚಿಕ್ಕಮ್ಮ, ಮೆಥಡಿಸ್ಟ್ ಗಾಯಕರ ಮುಖ್ಯಸ್ಥೆ ಇಮೋಜೀನ್ ಖುದ್ದಾಗಿ ಬಂದಳು. ಸಮಾರಂಭಕ್ಕೆಂದು ಮಾಡಿ ತಂದಿದ್ದ ಪೀಚ್ ಹಣ್ಣಿನ ಕೇಕನ್ನು ಎದೆಗವಚಿಕೊಂಡೇ ನಿಂತಳು.

"ಇದು ಮೊದಲು ಹಾಡಿದವರಿಗೆ ತಂದದ್ದು. ಎಲ್ಲಿಡಲಿ ಹೇಳಪ್ಪಾ, ಇಲ್ಲೋ, ಬ್ಯಾಪ್ಟಿಸ್ಟರ ಮನೇಲೋ?"

ವರ್ಲಿನ್‌ಗೆ ತನ್ನ ಜಾಣತನದ ಮೇಲೆ ಆಗಲೂ ನಂಬಿಕೆಯಿತ್ತು. ಮೈಕಿಗೆ ಬಾಗಿ, "ವಿಚಾರಿಸಿ ನೋಡಿದರೆ, ಇಬ್ಬರೂ ಒಟ್ಟಿಗೇ ಹಾಡಿದ್ದಂತೆ," ಎಂದ. ಆವರೆಗೆ ಅರ್ಧ ಊರು ಸಿಟ್ಟಾಗಿತ್ತು. ಈಗ ಇಡೀ ಊರು ಸಿಟ್ಟಾಯಿತು. ಬಾಣಲೆಯಲ್ಲಿ ಬಿದ್ದ ಹಂದಿಮಾಂಸದ ಚೂರಿನಂತೆ ಅವನು ಚಟಪಟಿಸುತ್ತಿದ್ದಾಗ ಮ್ಯಾನೇಜರ್ ನೋವೆಲ್ಲಾ ಒಳಬಂದಳು.

"ವರ್ಲಿನ್, ನಿನಗೆ ಕೊಟ್ಟಿದ್ದು ಇತಿಹಾಸ ಹೇಳೋ ಕೆಲಸ. ಕತೆ ಹೊಸೆಯೋ ಕೆಲಸ ಅಲ್ಲ. ಸಂಜೆಯೊಳಗೆ ಇದು ಸರಿಹೋಗದಿದ್ರೆ ನಾಳೆ ಬೇರೆಯವರನ್ನ ಕೂರಿಸ್ತೀನಿ."

ಬೇರೆ ಕೆಲಸವಂತೂ ಅವನಿಗೆ ಬರುತ್ತಿರಲಿಲ್ಲ. ಇದು ಬರುತ್ತದೆಂಬ ಭ್ರಮೆಯೂ ಬೆಳಿಗ್ಗೆಯೇ ಹೋಗಿತ್ತು. ಓಡಿಹೋಗಿ ವೃದ್ಧಾಶ್ರಮದಿಂದ ಕ್ಲೀಟಸನ ಹೆಂಡತಿ ಆರ್ಫಾ ಅಜ್ಜಿಯನ್ನು ಕರೆತಂದು ಮೈಕಿನ ಮುಂದೆ ಕೂರಿಸಿದ. ಊರಿಗೂರೇ ಕಿವಿಗೊಟ್ಟಿತು.

"ಎರಡು ಚರ್ಚಿನೋರೂ ಬಂದಿದ್ರು," ಎಂದಳು ಅಜ್ಜಿ. "ಯಾರು ಮೊದಲು ಅಂತ ಕೋಳಿಮನೆ ಬಾಗಿಲಲ್ಲೇ ಜಗಳಕ್ಕೆ ನಿಂತ್ರು. ಹೊತ್ತು ಮೀರ್ತಾ ಬಂತು. ನಮ್ಮ ಯಜಮಾನ್ರು ಒಳಗೆ ಕರೆಂಟಿನ ತಂತಿ ಕಟ್ತಿದ್ದ ಹುಡುಗನ್ನೇ ಎಳೆದು ಹಾಡು ಅಂದ್ರು. ಅವನಿಗೆ ಬರ್ತಿದ್ದದ್ದು ಹೆಂಡದಂಗಡಿ ಪದ ಒಂದೇ. ವಿಸ್ಕಿ ಅಂತ ಬಂದಲ್ಲೆಲ್ಲ ದೇವರು ಅಂತ ಹಾಕ್ಕೊಂಡು ಹಾಡಿದ. ಎರಡು ಕಡೆ ಮರೆತು ವಿಸ್ಕಿ ಅಂತಲೇ ಅಂದ. ಹೊರಗಿನೋರಿಗೆ ಅವರ ಜಗಳದ ಸದ್ದಲ್ಲಿ ಏನೂ ಕೇಳಿಸಲಿಲ್ಲ."

"ಯಾರಜ್ಜಿ ಅದು?"

"ನಿಮ್ಮಪ್ಪ ಓಡೆಲ್ ಕಣೋ."

ಅಪ್ಪ ಹಾಡಿದ್ದನ್ನು ವರ್ಲಿನ್ ಒಮ್ಮೆಯೂ ಕೇಳಿರಲಿಲ್ಲ. ಈ ನಿಲಯದ ಮೊದಲ ದನಿ ಅಪ್ಪನದು. ಬೆಳಿಗ್ಗೆಯಿಂದ ಕುಗ್ಗಿದ್ದ ಎದೆ ಉಬ್ಬಿತು. ಅಜ್ಜಿಯ ಮಾತಿನ ಹಿಂದೆಯೇ ಒಂದು ಹಾಡು ಹಾಕಿ, ಫೋನು ಬಡಿದುಕೊಂಡ ಕೂಡಲೇ ಅಭಿನಂದನೆ ಕೇಳಲು ಎತ್ತಿದ.

"ವರ್ಲಿನ್," ಎಂದರು ಹೋಬರ್ಟ್ ಪಾದ್ರಿ, "ಮೆಥಡಿಸ್ಟರೇ ಮೊದಲು ಹಾಡಿದ್ದು ಅಂತ ಬೆಳಿಗ್ಗೆ ಸರಿಯಾಗೇ ಹೇಳಿದ್ದೆ ನೀನು. ನಿಮ್ಮಪ್ಪ ಅವರೋನೇ."

ಇಮೋಜೀನ್ ಪಕ್ಕದಲ್ಲೇ ಇದ್ದಳು. "ಓಡೆಲ್ ಅಪ್ಪಟ ಬ್ಯಾಪ್ಟಿಸ್ಟ್. ಮೊದಲು ಹಾಡಿದ್ದು ಅವರೇ, ನಾವು ಒಪ್ಕೊಂಡ್ವಿ. ಹಾಗಂತ ರೇಡಿಯೋದಲ್ಲಿ ಹೇಳು," ಎಂದಳು.

ವರ್ಲಿನ್ ಅಜ್ಜಿಯತ್ತ ತಿರುಗಿದ. "ಅಜ್ಜಿ, ಅಪ್ಪ ಯಾವ ಚರ್ಚಿಗೆ ಹೋಗ್ತಿದ್ದ?"

"ಎರಡಕ್ಕೂ ಹೋಗ್ತಿದ್ದ," ಎಂದಳು ಅಜ್ಜಿ. "ಫ್ಯೂಸ್ ಹೋದಾಗ."

ನೋವೆಲ್ಲಾ ಕೈಚೀಲ ಹೆಗಲಿಗೇರಿಸಿದಳು. "ಈ ಕುರ್ಚಿಗೆ ಇನ್ಯಾರೂ ಬರಲ್ಲ. ನಾಳೆ ಬೆಳಿಗ್ಗೆ ನೀನೇ ಕೂತು ಇದನ್ನ ಬಗೆಹರಿಸು," ಎಂದಳು.