ಮಾವನ ಹುಳದ ಕೈಗುಣ

ಕಾವೇರಿಯ ಮೀನುಗಳಿಗೆ ಅನ್ನದಾತ ಅಂತ ಯಾರಾದರೂ ಇದ್ದರೆ ಅದು ಕೊಳತ್ತೂರಿನ ನನ್ನ ಸೋದರಮಾವ. ಮೂವತ್ತು ವರ್ಷದಿಂದ ತಾವು ದುಡಿಯುವ ಮಿಲ್ಲಿಗೆ ರಜಾ ಇರುವ ಭಾನುವಾರಗಳಲ್ಲೆಲ್ಲ ಎರೆಹುಳ ಹಿಡಿದುಕೊಂಡು ಮೆಟ್ಟೂರು ಹಿನ್ನೀರಿಗೆ ಹೋಗುತ್ತಾರೆ, ಮೀನುಗಳಿಗೆ ಹೊಟ್ಟೆ ತುಂಬ ಬಡಿಸುತ್ತಾರೆ, ಖಾಲಿ ಗಾಳ ಹೊತ್ತು ವಾಪಸ್ ಬರುತ್ತಾರೆ. ಇಷ್ಟು ವರ್ಷದಲ್ಲಿ ಅವರು ಹಿಡಿದ ಮೀನುಗಳನ್ನೆಲ್ಲ ಒಂದೇ ಬಾಣಲೆಯಲ್ಲಿ ಹುರಿಯಬಹುದಿತ್ತು!

ಮಾವನಿಗೆ ಅದರಿಂದ ಬೇಸರವಿಲ್ಲ. ಅವರ ಹೆಮ್ಮೆ ಇರುವುದು ಮೀನಿನಲ್ಲಲ್ಲ, ಹುಳದಲ್ಲಿ. ಪಕ್ಕದ ಮನೆಯವರು ಕುರಿಗೊಬ್ಬರದ ಗುಂಡಿ ಪೂರ್ತಿ ಬಗೆದರೂ ಬೇಸಿಗೆಯಲ್ಲಿ ಒಂದು ಹುಳ ಸಿಗದು. ಮಾವ ಹಿತ್ತಲ ಬಾಳೆಬುಡಕ್ಕೆ ಗುದ್ದಲಿಯಿಂದ ಒಂದೇಟು ಹಾಕಿದರೆ ಸಾಕು, ಕೊಬ್ಬಿದ ಹುಳಗಳು ಹೊರಳಾಡುತ್ತಾ ಏಳುತ್ತವೆ.

"ಕೈಗುಣ ಕಣವ್ವಾ. ನನ್ ಕಾಲ್ ಸಪ್ಪಳ ಕೇಳುದ್ರೆ ಸಾಕು, ಉಳ ತಾನಾಗೇ ಮೇಲಕ್ಕೆ ಬತ್ತೈತೆ."

"ಮೀನೂ ಅದೇ ಸಪ್ಪಳ ಕೇಳಿ ಓಡೋಗ್ತೈತೆ," ಎಂದು ಅಡುಗೆಮನೆಯಿಂದ ಅತ್ತೆ.

ಹುಳಗಳಿಗೆ ತೆಂಗಿನ ಚಿಪ್ಪು, ಒದ್ದೆ ಮಣ್ಣು, ಮೇಲೆ ಬಾಳೆ ಎಲೆಯ ಹೊದಿಕೆ. ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕರೆ ಚಿಪ್ಪು ಕೂರುತ್ತದೆ, ಮಾವ ನಿಲ್ಲುತ್ತಾರೆ. ಕಂಡಕ್ಟರ್ ಕೇಳಿದರೆ ಹುಳಕ್ಕೆ ಕುಲುಕಾಟ ಆಗಿಬರುವುದಿಲ್ಲ ಅನ್ನುತ್ತಾರೆ.

ಒಮ್ಮೆ ಅತ್ತೆಯ ಅಣ್ಣಂದಿರು ಬಂದಿದ್ದರು. ಡ್ಯಾಮಿನಿಂದ ಬರಿಗೈಯಲ್ಲಿ ವಾಪಸ್ ಬಂದರೆ ಮಾನ ಉಳಿಯುತ್ತದೆಯೇ? ಮಾವ ಆ ದಿನ ಚೀಲ ತುಂಬ ಮೀನು ತಂದರು. ಅತ್ತೆ ಬಿಚ್ಚಿ ನೋಡಿದರೆ ಸಮುದ್ರದ ಮತ್ತಿ ಮೀನು, ಮೇಲಿನ ಐಸು ಇನ್ನೂ ಕರಗಿರಲಿಲ್ಲ.

"ಅಲ್ಲಾ, ಡ್ಯಾಮ್‌ಗೆ ಕಡಲ್ ಮೀನು ಯಾವ ಬಸ್ಸಲ್ಲಿ ಬಂದ್ವು?"

ಮಾವ ಕಣ್ಣು ಮಿಟುಕಿಸಲಿಲ್ಲ. "ಉಳದ್ ವಾಸ್ನೆ ಕಣೇ. ಅಲ್ಲೀವರ್ಗೂ ಓಗೈತೆ."

ಈ ಬೇಸಿಗೆಯಲ್ಲಿ ಅತ್ತೆಗೆ ಹೃದಯದ ಆಪರೇಷನ್ ಆಯಿತು. ಸೇಲಂ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದರು. ಅವರ ಬಟ್ಟೆ ತರಲೆಂದು ನಾನು ಒಂದು ಭಾನುವಾರ ಕೊಳತ್ತೂರಿಗೆ ಹೋದಾಗ ಮಾವ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬಾಳೆಬುಡ ಕಲ್ಲಿನಂತೆ ಒಣಗಿತ್ತು. ನಾಲ್ಕು ಕಡೆ ಅಗೆದಿದ್ದರು, ಒಂದು ಹುಳವೂ ಇರಲಿಲ್ಲ.

"ಕೈಗುಣ ಎಲ್ಲಿಗೆ ಹೋಯ್ತು ಮಾವ?" ಅಂದೆ. ಎಂಥ ಬಾಯಿ ನನ್ನದು!

ಮಾವ ನಗಲಿಲ್ಲ. "ನಿಮ್ಮತ್ತೆ ಅಕ್ಕಿ ತೊಳ್ದ ನೀರ್ನೆಲ್ಲ ದಿನಾ ಇಲ್ಲೇ ತಂದು ಉಯ್ತಿದ್ಲು ಕಣವ್ವಾ. ಮೂವತ್ತು ವರ್ಸ. ಉಳ ಬರ್ಲಿ ಅಂತ. ಒಂದ್ ದಿನಾನೂ ಬಾಯ್ಬಿಟ್ ಯೋಳ್ಲಿಲ್ಲ. ಕಣ್ಣೆದ್ರೇ ಉಯ್ದ್ರೂ ಯಾಕಂತ ನಾನೂ ಕೇಳ್ಲಿಲ್ಲ."

ಎದ್ದು ಒಳಗೆ ಹೋದರು. ಒಲೆ ಹಚ್ಚಲೂ ಬಾರದ ಮನುಷ್ಯ ಒಂದು ಪಾವು ಅಕ್ಕಿ ತೊಳೆದು, ಚೊಂಬಿನಲ್ಲಿ ಆ ನೀರು ತಂದು ಬಾಳೆಬುಡಕ್ಕೆ ಸುರಿದರು.

ಮೂರು ವಾರ ಬಿಟ್ಟು ಮತ್ತೆ ಹೋದೆ. ಬುಡ ಒದ್ದೆಯಾಗಿತ್ತು. ಮಾವ ಕೈಯಿಂದಲೇ ಮಣ್ಣು ಸರಿಸಿ ತೋರಿಸಿದರು. ಒಳಗೆ ಹುಳ ಹರಿದಾಡುತ್ತಿತ್ತು. ಗಾಳ ಮಾತ್ರ ಗೋಡೆಯ ಮೊಳೆಯಿಂದ ಇಳಿದಿರಲಿಲ್ಲ.

"ಡ್ಯಾಮಿಗೆ ಹೋಗಲ್ವಾ ಮಾವ?"

ಅವರು ಮಣ್ಣನ್ನು ಮೆಲ್ಲಗೆ ಮುಚ್ಚಿದರು.

"ನೀನ್ ಈಗ ಆಸ್ಪತ್ರೆಗೆ ತಾನೇ ಓಗ್ತಾ ಇರೋದು? ಅವ್ಳ್‌ಗೆ ಯೋಳವ್ವಾ, ಉಳ ಎಲ್ಲಾ ವಾಪಸ್ ಬಂದವೆ, ಇನ್ನು ನೀನೊಬ್ಳೇ ಬಾಕಿ ಅಂತ."