ಅತ್ತೆ ಒಪ್ಪದ ತಾರಸಿ

ದೇವಸಮುದ್ರದ ಕಡೆಯ ನಮ್ಮ ಊರಿನಲ್ಲಿ ಸರಕಾರದ ಮನೆ ಕೆಲಸವನ್ನು ಒಂಟಿಯಾಗಿ ತಡೆದು ನಿಲ್ಲಿಸಿದ ಧೀರೆ ಯಾರು ಗೊತ್ತೇ? ನನ್ನ ಸೋದರತ್ತೆ! ಹಾವು ಕಂಡರೆ ಕೋಲು ಹುಡುಕುವ, ಕುರಿಹಟ್ಟಿಗೆ ತೋಳ ಬಂದರೆ ಬೈದೇ ಓಡಿಸುವ ಈ ಹೆಂಗಸಿಗೆ ಇದ್ದದ್ದು ಒಂದೇ ಭಯ. ತಲೆಯ ಮೇಲಿನ ತಾರಸಿ. ಗುಡಿಗೆ ಹೋದರೂ ಮೊದಲು ಕತ್ತೆತ್ತಿ ಬಿರುಕು ಹುಡುಕಿ, ಹೊರಗಿನಿಂದಲೇ ಕೈಮುಗಿದು ಬರುವಳು.

"ದೇವ್ರು ಒಳ್ಳೇವ್ನೇ ಕಣಲೇ ಅಳಿಯ. ಗಾರೆ ಮಾಡ್ದೋನು ಎಂಥೋನೋ!"

ಇಂಥವಳಿಗೆ ಜನತಾ ಮನೆ ಮಂಜೂರಾಯಿತು. ಪಾಯ ಬಂತು, ಗೋಡೆ ಕಿಟಕಿಯ ಮಟ್ಟಕ್ಕೆ ಬಂತು. ಮುಂದೆ ಗೋಡೆ ಮುಗಿಸಿ ತಾರಸಿಯ ಮೋಲ್ಡು ಹಾಕಬೇಕು ಎಂದಾಗ ಅತ್ತೆ ಗಾರೆಯವರನ್ನು ಊಟ ಹಾಕಿ ಮನೆಗೆ ಕಳಿಸಿಬಿಟ್ಟಳು. ಊರಿನವರೆಲ್ಲ ಮುಂದಿನ ಕಂತು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರೆ, ಇವಳ ಕಂತು ಇವಳಿಗಾಗಿ ಕಾಯುತ್ತಿತ್ತು! ಅವಳು ಮಾತ್ರ ಪಕ್ಕದ ಹುಲ್ಲಿನ ಗುಡಿಸಲಿನಲ್ಲಿ ಹಾಯಾಗಿ ಮಲಗುವಳು. "ಹುಲ್ಲು ಬಿದ್ರೆ ಮೈ ಕೆರೀತೈತೆ. ಅಷ್ಟೇಯ!"

ಹಂತಹಂತಕ್ಕೂ ಮನೆಯ ಮುಂದೆ ಫಲಾನುಭವಿಯನ್ನು ನಿಲ್ಲಿಸಿ ಫೋಟೋ ತೆಗೆಯಬೇಕಿತ್ತು. ಕಿಟಕಿಯ ಮೇಲೆ ಕೂರಿಸಿದ್ದ ಕಲ್ಲುಚಪ್ಪಡಿ ಕಂಡು ಅತ್ತೆ ಹಿಂದೆ ಸರಿದಳು, ಇನ್ನಷ್ಟು ಸರಿದಳು, ಜಾಲಿಮರ ದಾಟಿದಳು. ತೊಳೆಸಿ ತಂದ ಫೋಟೋದಲ್ಲಿ ಮನೆ ಇತ್ತು, ಮೇಕೆ ಇತ್ತು, ದೂರದಲ್ಲಿ ಇರುವೆಯಂಥದೊಂದು ಚುಕ್ಕೆ ಇತ್ತು. ಆ ಚುಕ್ಕೆಯೇ ಫಲಾನುಭವಿ!

ನಾನಾಗ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ಒಂದು ದಿನ ನಮ್ಮೂರ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರು ನನ್ನನ್ನೇ ಹುಡುಕಿಕೊಂಡು ಬಂದ. ಇನ್ನೂ ಹೊಸ ಹುಡುಗ, ಮುಖ ಬಾಡಿತ್ತು.

"ಸಾರ್, ಊರಿನ ಮನೆಯೆಲ್ಲಾ ಮುಗಿದ್ವು. ನಿಮ್ಮತ್ತೇದೊಂದು ಕಿಟಕಿ ಮಟ್ಟದಾಗೇ ಐತೆ. ತಿಂಗ್ಳು ತಿಂಗ್ಳೂ ಪ್ರಗತಿ ಮೀಟಿಂಗ್‌ನಾಗೆ ಸಾಹೇಬ್ರು ನನ್ನ ಎಬ್ಬಿಸಿ ನಿಲ್ಲಿಸ್ತಾರೆ. ಯಾಕೆ ತಡ ಅಂದ್ರೆ ಏನನ್ಲಿ? ಫಲಾನುಭವಿಗೆ ಮನೆ ಅಂದ್ರೆ ಭಯ ಅನ್ಲಾ?"

ನಗು ಬಂತು. ಆದರೆ ಅವನು ತಮಾಷೆಗೆ ಬಂದಿರಲಿಲ್ಲ. ಈ ಸಲವೂ ಆಗದಿದ್ದರೆ ಮನೆ ರದ್ದಾಗುತ್ತದೆ ಎಂದ. ಆಗ ಅವನಿಗೆ ಅತ್ತೆಯ ಗಂಡ, ನಮ್ಮ ಮಾವನ ಸಂಗತಿ ಹೇಳಬೇಕಾಯಿತು.

ಅತ್ತೆಯದು ಮೊದಲು ಮಾಳಿಗೆ ಮನೆ. ತೊಲೆಗಳ ಮೇಲೆ ದಪ್ಪಗೆ ಮಣ್ಣು ಹಾಕಿದ ಚಾವಣಿ. ಒಂದು ವರ್ಷ ನಮ್ಮ ಸೀಮೆಗೆ ಅಪರೂಪದ ಜಡಿಮಳೆ ಹಿಡಿಯಿತು. ಮಾವ ಮಧ್ಯಾಹ್ನ ಉಂಡು ಅಡ್ಡಾಗಿದ್ದರು. ಅತ್ತೆ ಮೇಕೆಮರಿ ಕಟ್ಟಲು ಹೊರಗೆ ಹೋದಳು. ಕಟ್ಟಿ ತಿರುಗಿ ನೋಡಿದರೆ ಮನೆ ಇರಲಿಲ್ಲ.

"ನಾನೇ ಬಂದು ಅವ್ರಿಗೆ ತೋರಿಸ್ತೀನಿ ಸಾರ್" ಎಂದ ಹುಡುಗ. ಭಾನುವಾರ ಇಬ್ಬರೂ ಬಸ್ಸು ಹತ್ತಿ ಊರಿಗೆ ಹೋದೆವು. ಅವನು ಕಂಬಿ ತೋರಿಸಿದ, ಸಿಮೆಂಟು ತೋರಿಸಿದ, ನೆಲದ ಮೇಲೆ ಚಿತ್ರ ಬರೆದು ತೋರಿಸಿದ. ಅತ್ತೆ ಎಲ್ಲ ಕೇಳಿಸಿಕೊಂಡು, "ಮನೆ ವಾಪಸ್ ಹೋಗಾದು ಬ್ಯಾಡ, ಹಾಕ್ಸು. ನಾನು ಮಾತ್ರ ಒಳಗೆ ಬರಾಕಿಲ್ಲ" ಎಂದಳು.

ಮೋಲ್ಡು ಬಿತ್ತು. ಅದಕ್ಕೆ ಬೇಕಾದಷ್ಟು ದಿನ ನೀರುಣಿಸಿದರು. ಕೊನೆಗೆ ತಾರಸಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚುವ ದಿನ ಊರೇ ಸೇರಿತು. ಒಂದೊಂದು ಹಲಗೆ ಕಿತ್ತಾಗಲೂ ನಾನು ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಅತ್ತೆಯ ಭಯ ಅಂಟುರೋಗ ಮಾರಾಯರೇ! ಗಾರೆಯವನೂ ಒಂದು ಕಾಲು ಬಾಗಿಲ ಹೊರಗಿಟ್ಟೇ ಕಿತ್ತ! ತಾರಸಿ ಅಲುಗಲಿಲ್ಲ. ಇನ್ನು ಉಳಿದದ್ದು ಬಾಗಿಲಲ್ಲಿ ಅತ್ತೆ ನಿಂತ ಫೋಟೋ ಒಂದೇ.

"ಕಟ್ಸಿದ್ದು ನೀನಲ್ವಾ ಅಬ್ಬಾಯಿ?" ಎಂದು ಅತ್ತೆ ಅಲ್ಲೇ ನಿಂತಿದ್ದ ಎಂಜಿನಿಯರು ಹುಡುಗನನ್ನು ಕೇಳಿದಳು. ನಮ್ಮ ಕಡೆ ಹುಡುಗರನ್ನೆಲ್ಲ ತೆಲುಗಿನಲ್ಲಿ ಅಬ್ಬಾಯಿ ಎನ್ನುವುದು ರೂಢಿ. "ಮೊದ್ಲು ನೀನು ಮಲಗಿ ತೋರ್ಸು."

ಎಲ್ಲರೂ ಹೋ ಎಂದರು. ಹುಡುಗ ನಾಚಿಕೊಂಡೇ ಒಳಗೆ ಹೋಗಿ, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದ. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದ, ಆಗಷ್ಟೇ ಅತ್ತೆ ಮಾಡಿದ ರೊಟ್ಟಿ ಉಂಡಿದ್ದ. ನಾಟಕಕ್ಕೆ ಮುಚ್ಚಿದ ಕಣ್ಣು ನಿಜವಾಗಿಯೂ ಹತ್ತಿಬಿಟ್ಟಿತು. ಗೊರಕೆ ಶುರುವಾಯಿತು! ಜನ ಬಿದ್ದು ಬಿದ್ದು ನಕ್ಕರು.

ಅತ್ತೆ ನಗಲಿಲ್ಲ. ಮೇಲೆ ನೋಡಿದಳು, ಮಲಗಿದವನನ್ನು ನೋಡಿದಳು, ಮತ್ತೆ ಮೇಲೆ ನೋಡಿದಳು. ನಾವು ಏನೆಂದು ಕೇಳುವಷ್ಟರಲ್ಲಿ ಹೊಸಲು ದಾಟಿ ಒಳಗೆ ನುಗ್ಗಿದಳು. ಅವನ ರಟ್ಟೆ ಹಿಡಿದು ಎಳೆದಳು.

"ಏಳಪ್ಪಾ, ಏಳು! ಸಾಕು, ಏಳು!"

ಹುಡುಗ ಗಾಬರಿಯಿಂದ ಎದ್ದು ಕುಳಿತ. "ಏನವ್ವಾ? ಬಿತ್ತಾ?"

"ಬಿದ್ದಿಲ್ಲ ಕಣಪ್ಪಾ. ನಿಮ್ಮವ್ವ ಮನೇಲಿ ದಾರಿ ನೋಡ್ತಿರ್ತಾಳೆ. ನಡಿ, ಆಚೆ ನಡಿ."

ನಗು ನಿಂತಿತು. ಹುಡುಗ ಆಚೆ ಬರಲಿಲ್ಲ. ರಟ್ಟೆ ಹಿಡಿದಿದ್ದ ಅವಳ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, "ಕೂತ್ಕೊಳವ್ವಾ, ನಾನಿದೀನಿ" ಎಂದ. ಅತ್ತೆ ಚಾಪೆಯ ಅಂಚಿನಲ್ಲಿ ಕುಳಿತಳು. ಕ್ಯಾಮೆರಾ ತಂದಿದ್ದವನು ಬಾಗಿಲಿಗೆ ಬಂದು ಒಳಗೆ ನೋಡಿ, ಫೋಟೋ ತೆಗೆಯದೆ ಹಿಂದೆ ಸರಿದು ನಿಂತ.